ಕೂತೇ ನಿದ್ರೆ ಮಾಡುವವರ ಕುರ್ಚಿ

ಕುರ್ಚಿಯ ಹಳೆಯ ಬೆತ್ತವನ್ನು ನಾನು ಕತ್ತರಿಸಿ ತೆಗೆದದ್ದು ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ. ತಂದಿಟ್ಟಿದ್ದ ಹೊಸ ಬೆತ್ತವನ್ನು ಮುಟ್ಟಿ ನೋಡಿದ್ದು ಅದಾದ ಅರ್ಧ ಗಂಟೆಗೆ. ಈ ಎರಡು ಕೆಲಸಗಳು ಹಿಂದುಮುಂದಾದದ್ದರಿಂದ ಕ್ಯಾತನಹಳ್ಳಿಯ ಆಚೆಗಿನ ಒಂದು ತೋಟದ ಮನೆಯಲ್ಲಿ ನಾನು ಎಂಟು ದಿನ ಸಿಕ್ಕಿಹಾಕಿಕೊಂಡೆ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ ಅದು. ನನಗೆ ಎರಡೂ ಕಣ್ಣು ಕಾಣುವುದಿಲ್ಲ. ಮೈಸೂರಿನ ಒಂದು ತರಬೇತಿ ಶಾಲೆಯಲ್ಲಿ ಕುರ್ಚಿಗೆ ಬೆತ್ತ ಹೆಣೆಯುವುದನ್ನು ಕಲಿತು, ಶ್ರೀರಂಗಪಟ್ಟಣದಲ್ಲಿ ಅಣ್ಣನ ಮನೆಯಲ್ಲಿದ್ದುಕೊಂಡು, ಸುತ್ತಲಿನ ಕಚೇರಿ, ಶಾಲೆಗಳ ಕುರ್ಚಿಗಳನ್ನು ಕಟ್ಟಿಕೊಡುತ್ತಿದ್ದೆ. ಮನೆಗಳಿಂದ ಕರೆ ಬರುತ್ತಿದ್ದದ್ದು ಅಪರೂಪ. ಕ್ಯಾತನಹಳ್ಳಿಯ ಗೌಡರು ಬಂದು ಕೇಳಿದಾಗ ನನ್ನ ಬಳಿ ಇದ್ದ ಬೆತ್ತವೆಲ್ಲ ಒಂದು ಶಾಲೆಯ ಕುರ್ಚಿಗಳಿಗೆ ಖರ್ಚಾಗಿತ್ತು. ತರಬೇತಿ ಶಾಲೆಯ ಅಂಗಡಿಯಲ್ಲೂ ಇರಲಿಲ್ಲ. ಅಸ್ಸಾಮಿನಿಂದ ಬರಬೇಕಾದ ಕಟ್ಟುಗಳು ಬರುವ ತಿಂಗಳು ಬರಬಹುದು ಎಂದಿದ್ದರು. ಹಾಗೆಂದೆ.

“ಬೆತ್ತದ ಚಿಂತೆ ಬುಡು ನೀನು,” ಎಂದರು ಗೌಡರು. “ಬೆತ್ತ ನಾನು ತಂದು ಮಡುಗ್ತೀನಿ. ನೀನು ಬಂದು ಎಣ್ದುಕೊಡು, ಸಾಕು.”

ಸೋಮವಾರ ಬೆಳಿಗ್ಗೆ ಅವರೇ ಬಂದು ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೋದರು. ಊರು ದಾಟಿದ ಮೇಲೆ ಟಾರು ರಸ್ತೆ ಬಿಟ್ಟು, ನಾಲೆ ದಾಟಿ, ಎರಡು ಕಡೆಯೂ ಕಬ್ಬಿನ ಗರಿ ಮೊಣಕಾಲಿಗೆ ತಗಲುವ ಮಣ್ಣಿನ ಹಾದಿಯಲ್ಲಿ ಬಹಳ ದೂರ ಹೋದೆವು. ಎಷ್ಟು ತಿರುವು ಎಂದು ಎಣಿಸಲು ನೋಡಿದೆ. ಐದರ ನಂತರ ತಪ್ಪಿತು.

ಮನೆಯಲ್ಲಿದ್ದವರು ಮೂರೇ ಜನ: ಗೌಡರು, ಅವರ ಹೆಂಡತಿ, ಮತ್ತು ಗೌಡರ ತಾಯಿ. ಕುರ್ಚಿ ತಾಯಿಯದು. ತೇಗದ ಮರದ್ದು, ಅಗಲವಾದ ಕೈಗಳು, ಹಿಂದಕ್ಕೆ ಸ್ವಲ್ಪ ಬಾಗಿದ ಬೆನ್ನು. ಶ್ರೀರಂಗಪಟ್ಟಣದ ಯಾವುದೋ ಹಳೆಯ ಬಂಗಲೆಯ ಸಾಮಾನು ಹರಾಜಾದಾಗ ಅವರ ಗಂಡ ತಂದದ್ದಂತೆ. ಬೆನ್ನಿನ ಹೆಣಿಗೆ ಗಟ್ಟಿಯಾಗಿತ್ತು. ಕೂರುವ ಜಾಗದ್ದು ನಡುವೆ ಜೋತುಬಿದ್ದು, ಮುಂದಿನ ಅಂಚಿನಲ್ಲಿ ನಾಲ್ಕೈದು ಎಳೆ ಕಿತ್ತಿತ್ತು. ಅವ್ವನನ್ನು ಎಬ್ಬಿಸಿ ಜಗಲಿಯ ಮೇಲೆ ಕೂರಿಸಿ ಕುರ್ಚಿಯನ್ನು ನನ್ನ ಮುಂದೆ ಇಟ್ಟರು. ಚೀಲದಿಂದ ಸಣ್ಣ ಕತ್ತರಿ ತೆಗೆದು ಒಳಗಿನ ಅಂಚಿನ ಸುತ್ತಲೂ ಕತ್ತರಿಸಿದೆ. ಹಳೆಯ ಹೆಣಿಗೆ ಒಂದು ಜರಡಿಯ ಹಾಗೆ ಇಡಿಯಾಗಿ ಕೈಗೆ ಬಂತು. ಆಮೇಲೆ, ತುದಿ ಮೊಂಡು ಮಾಡಿದ ಮೊಳೆ ಹಿಡಿದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ, ಚೌಕಟ್ಟಿನ ತೂತುಗಳಲ್ಲಿ ಸಿಕ್ಕಿದ್ದ ಹಳೆಯ ತುಣುಕುಗಳನ್ನು ಒಂದೊಂದಾಗಿ ಹೊರದೂಡಿದೆ. ಮುಂದೆ ಮೂವತ್ತಮೂರು, ಹಿಂದೆ ಇಪ್ಪತ್ತೇಳು, ಪಕ್ಕಗಳಿಗೆ ತಲಾ ಇಪ್ಪತ್ತೊಂಬತ್ತು ತೂತು. ಎಲ್ಲ ಚೊಕ್ಕಟವಾದ ಮೇಲೆ, “ಬೆತ್ತ ಕೊಡಿ ಗೌಡ್ರೇ, ನೆನೆ ಹಾಕೋಣ,” ಎಂದೆ.

ಅವರು ತಂದು ಕೊಟ್ಟದ್ದು ನನ್ನ ಬೆರಳಿನಷ್ಟು ದಪ್ಪದ, ಹನ್ನೆರಡು ಅಡಿ ಉದ್ದದ ಇಡೀ ಬೆತ್ತದ ಕೋಲುಗಳು. ನಡುವಿಗೆ ಬಗ್ಗಿಸಿ ಕಟ್ಟಿದ ಎಂಟು ಕೋಲು. ಸೋಫಾ ಮಾಡುವವರು ಕೊಳ್ಳುವ ಮಾಲು.

ಕುರ್ಚಿಗೆ ಬೇಕಾದದ್ದು ಆ ಕೋಲಿನ ಮೇಲಿನ ಸಿಪ್ಪೆ ಮಾತ್ರ. ಅದನ್ನು ಜೋಳದ ಕಾಳಿಗಿಂತ ಕಡಿಮೆ ಅಗಲದ ಪಟ್ಟಿಗಳಾಗಿ, ಒಂದೇ ಅಳತೆಗೆ ಸೀಳಿ, ಒಳಗಿನ ತಿರುಳನ್ನು ಹೆರೆದು ತೆಗೆದಿರಬೇಕು. ನಮಗೆ ಆ ಪಟ್ಟಿಗಳು ತಯಾರಾಗಿ ಕಟ್ಟುಗಳಲ್ಲಿ ಬರುತ್ತಿದ್ದವು. ಸೀಳುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಸೀಳುವ ಉಪಕರಣವನ್ನು ಒಮ್ಮೆ ಮುಟ್ಟಿ ನೋಡಿದ್ದೆ, ಅಷ್ಟೆ.

“ಬೆತ್ತ ಅಂದೆ, ಬೆತ್ತ ತಂದೆ,” ಎಂದರು ಗೌಡರು. “ಇನ್ನೇನ್ ಬೇಕಿತ್ತು?”

ಕೈಯಲ್ಲಿದ್ದ ಹಳೆಯ ಹೆಣಿಗೆಯನ್ನು ಬೆರಳಿನಿಂದ ಸವರಿ ನೋಡಿದೆ. ಮುಂದಿನ ಅಂಚು ಬಿಟ್ಟರೆ ಉಳಿದ ಎಳೆಗಳು ಚೆನ್ನಾಗಿಯೇ ಇದ್ದವು. ಇನ್ನೊಂದು ತಿಂಗಳು, ಜೋಪಾನ ಮಾಡಿದ್ದರೆ ಎರಡು ತಿಂಗಳು ತಡೆಯುತ್ತಿತ್ತು. ಅದನ್ನು ಹೇಳುವ ಧೈರ್ಯ ಆಗ ಬರಲಿಲ್ಲ.

ಅವ್ವನ ವಿಷಯ ನನಗೆ ಗೊತ್ತಾದದ್ದು ಅಂದು ಊಟದ ಹೊತ್ತಿಗೆ. ಅವರಿಗೆ ಉಬ್ಬಸ. ಎರಡು ವರ್ಷದಿಂದ ಮಲಗಲು ಆಗುತ್ತಿರಲಿಲ್ಲ. ಬೆನ್ನು ನೆಲಕ್ಕೆ ತಾಗಿದರೆ ಉಸಿರು ಕಟ್ಟುತ್ತಿತ್ತು. ಪಾಂಡವಪುರದ ಡಾಕ್ಟರು, ಕೂತೇ ನಿದ್ರೆ ಮಾಡಲಿ ಎಂದಿದ್ದರಂತೆ. ಅಂದಿನಿಂದ ಅವರ ಊಟ, ನಿದ್ರೆ, ಹಗಲು, ರಾತ್ರಿ ಎಲ್ಲ ಆ ಕುರ್ಚಿಯಲ್ಲಿ. ಕೆಳಗಿನಿಂದ ಗಾಳಿಯಾಡುವುದರಿಂದ ಮೈ ಬೇಯುತ್ತಿರಲಿಲ್ಲ. ಒಂದು ಕಡೆ ಒರಗಿದರೆ ಬೆತ್ತವೂ ಅವರ ಜೊತೆ ಒಂದಿಷ್ಟು ಬಗ್ಗುತ್ತಿತ್ತು.

ಈಗ ಗೌಡರು ಖಾಲಿ ಚೌಕಟ್ಟಿನ ಮೇಲೆ ಒಂದು ಹಲಗೆ ಇಟ್ಟು, ಮೇಲೆ ಗೋಣಿಚೀಲ ಮಡಿಸಿ ಹಾಕಿದರು. ಅವ್ವ ಅದರ ಮೇಲೆ ಕೂತರು. ಹಲಗೆ ಎತ್ತರವಾಗಿ ಕುರ್ಚಿಯ ಕೈಗಳು ತಗ್ಗಾದವು, ಬೆನ್ನು ಎಟುಕದಾಯಿತು. ಮುಂದಕ್ಕೆ ಜಾರುವುದು, ಮತ್ತೆ ಹಿಂದಕ್ಕೆ ಎಳೆದುಕೊಳ್ಳುವುದು, ಪ್ರತಿ ಸಲವೂ ಎದೆಯೊಳಗಿಂದ ಸಣ್ಣ ಸಿಳ್ಳೆಯಂಥ ಶಬ್ದ. ನಾಲ್ಕು ಮಾರು ದೂರದಲ್ಲಿ ಕೂತ ನನಗೆ ಅದೊಂದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ.

ಸಂಜೆ, “ನನ್ನ ಬಸ್ಸಿಗೆ ಹತ್ತಿಸಿ ಗೌಡ್ರೇ, ಬೆತ್ತ ಸಿಕ್ಕಿದ ಕೂಡಲೇ ಬರ್ತೀನಿ,” ಎಂದೆ.

“ಕುರ್ಚಿ ಕಿತ್ತಾಕಿದೀಯಲ್ಲಯ್ಯ. ಮಾಡ್ಕೊಟ್ಟೇ ಓಗು,” ಎಂದರು. ಕೋಪದ ದನಿಯಲ್ಲ. ಕಬ್ಬಿಗೆ ನೀರು ಬಿಟ್ಟೇ ಹೋಗು ಎಂದು ಆಳಿಗೆ ಹೇಳುವ ದನಿ.

ನಡೆದು ಹೋಗೋಣವೆಂದರೆ ಐದಾರು ತಿರುವಿನ ಹಾದಿ, ನಡುವೆ ಕಟಕಟೆಯಿಲ್ಲದ ನಾಲೆಯ ಸೇತುವೆ. ಬಾಗಿಲಲ್ಲಿ ಎರಡು ನಾಯಿ. ಬೆಳಿಗ್ಗೆ ಹೊಲದ ಕಡೆಗೆ ಹೋಗಲೂ ಗೌಡರು ಕೋಲಿನ ಒಂದು ತುದಿ ಹಿಡಿದು ಮುಂದೆ ನಡೆಯಬೇಕು, ಇನ್ನೊಂದು ತುದಿ ಹಿಡಿದು ನಾನು ಹಿಂದೆ. ಅವರು ಇಲ್ಲದ ಹೊತ್ತಿನಲ್ಲಿ, ಮನೆಯ ಹೆಂಗಸರನ್ನು ಕೇಳಲಾರದೆ, ತಡೆದುಕೊಂಡು ಕೂರುತ್ತಿದ್ದೆ. ಅದಕ್ಕಾಗಿ ನೀರು ಕುಡಿಯುವುದನ್ನು ಕಡಿಮೆ ಮಾಡಿದೆ.

ಮಂಗಳವಾರ ಗೌಡರು ಪಾಂಡವಪುರ, ಶ್ರೀರಂಗಪಟ್ಟಣ ಎರಡೂ ಕಡೆ ಸುತ್ತಿ, ನನ್ನ ಅಣ್ಣನಿಗೆ ವಿಷಯ ಮುಟ್ಟಿಸಿ, ಮಧ್ಯಾಹ್ನ ಪ್ಲಾಸ್ಟಿಕ್ ವಯರಿನ ದೊಡ್ಡ ಉಂಡೆ ತಂದರು. “ಈಗ ಎಲ್ಲಾರೂ ಇದೇ ಆಕೋದಂತೆ. ಅಂಗ್ಡೀವ್ನು ನಗಾಡ್ದ, ಬೆತ್ತ ಇನ್ನೆಲ್ಲೈತೆ ಅಂತ.”

ಬೇರೆ ದಾರಿ ಕಾಣಲಿಲ್ಲ. ವಯರನ್ನು ಚೌಕಟ್ಟಿನ ಸುತ್ತ ಬಿಗಿದು, ಒಂದರ ಮೇಲೊಂದು ಹಾಯಿಸಿ, ಬುಧವಾರ ಮಧ್ಯಾಹ್ನದ ಹೊತ್ತಿಗೆ ಮುಗಿಸಿದೆ. ನನ್ನ ಲೆಕ್ಕದಲ್ಲಿ ಅದು ಕೆಟ್ಟ ಕೆಲಸವೇನಲ್ಲ. ಅವ್ವ ಕೂತರು. ಕರೆಂಟು ಹೋಗಿತ್ತು, ಫ್ಯಾನು ನಿಂತಿತ್ತು. ಒಂದು ಗಂಟೆಯಲ್ಲಿ ಅವರ ಸೀರೆ ಬೆವರಿಗೆ ಒದ್ದೆಯಾಯಿತಂತೆ. ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ಕು ಜಾರುತ್ತದೆ. ನಾನು ಸುತ್ತಿಗೆ, ಮೊಳೆ ಎತ್ತಿಡುತ್ತಿದ್ದಾಗ ಏನೋ ಸರಿದ ಸದ್ದು, ಆಮೇಲೆ ಕುರ್ಚಿಯ ಕೈಗೆ ಬಡಿದ ಬಳೆಯ ಸದ್ದು. ಅವ್ವ ಪೂರ್ತಿ ಮುಂದಕ್ಕೆ ಜಾರಿ, ಗಲ್ಲ ಎದೆಗೆ ಒತ್ತಿಕೊಂಡು, ಉಸಿರು ಎಳೆಯಲಾರದೆ ಒದ್ದಾಡುತ್ತಿದ್ದರು. ಸೊಸೆ ಓಡಿ ಬಂದು ಕಂಕುಳಿಗೆ ಕೈ ಹಾಕಿ ಎತ್ತಿದರು. ನಾನು ಎದ್ದು ನಿಂತೆ, ಆದರೆ ಎತ್ತ ಹೆಜ್ಜೆ ಇಡಬೇಕು, ಏನು ಹಿಡಿಯಬೇಕು ಎಂದು ತಿಳಿಯಲಿಲ್ಲ. ನಿಂತೇ ಇದ್ದೆ.

ಉಸಿರು ಹದಕ್ಕೆ ಬರಲು ಬಹಳ ಹೊತ್ತು ಹಿಡಿಯಿತು. ಮಾತು ಬಂದ ಮೇಲೆ ಅವ್ವ ಹೇಳಿದ್ದು, “ಇದ್ ಬ್ಯಾಡ. ಅಲ್ಗೇನೇ ವಾಸಿ.”

ವಯರು ಕತ್ತರಿಸಿ ತೆಗೆದೆ. ಮೂರು ದಿನದಲ್ಲಿ ಅದೇ ಕುರ್ಚಿಯನ್ನು ಎರಡನೆಯ ಸಲ ಖಾಲಿ ಮಾಡಿದ್ದೆ.

ಗುರುವಾರ ನನಗೆ ನಾಗಮಂಗಲದ ಒಬ್ಬರ ನೆನಪಾಯಿತು. ತರಬೇತಿ ಶಾಲೆಯಲ್ಲಿ ನನಗಿಂತ ಹಿರಿಯರು, ಅವರಿಗೂ ಕಣ್ಣಿಲ್ಲ, ನನ್ನ ಕೈ ಹಿಡಿದು ಮೊದಲ ಎಳೆ ಹಾಯಿಸಲು ಕಲಿಸಿದವರು. ಅವರ ಬಳಿ ಬೆತ್ತ ಇದ್ದೀತು. ಗೌಡರು ನನ್ನನ್ನು ಊರೊಳಗೆ ಫೋನು ಇದ್ದ ಒಂದು ಮನೆಗೆ ಕರೆದುಕೊಂಡು ಹೋದರು. ತರಬೇತಿ ಶಾಲೆಗೆ ಮಾಡಿ ನಂಬರು ಕೇಳಿದೆ. ನಾಗಮಂಗಲದಲ್ಲಿ ಅವರೇ ಎತ್ತಿದರು.

“ಬೆತ್ತ ಬಿಟ್ಟು ಎರಡು ವರ್ಷ ಆಯ್ತು ಕಣಯ್ಯ,” ಎಂದರು. “ಈಗ ಎಸ್‌ಟಿಡಿ ಬೂತು ಇಟ್ಕೊಂಡಿದೀನಿ. ಈ ಫೋನು ಅದರದ್ದೇ.”

“ಹಳೇದು ಏನಾದರೂ ಉಳಿದಿದೆಯಾ?”

“ಅಟ್ಟದ ಮೇಲೆ ಒಂದು ಕಟ್ಟು ಇರಬೇಕು. ಯಾವ ಸ್ಥಿತೀಲಿದೆಯೋ ಗೊತ್ತಿಲ್ಲ. ಕಂಡಕ್ಟರ್ ಕೈಲಿ ಕೊಟ್ಟು ಕಳಿಸ್ತೀನಿ, ಪಾಂಡವಪುರದ ಸ್ಟ್ಯಾಂಡಿನಲ್ಲಿ ಇಳಿಸ್ಕೊಳಿ.” ಆಮೇಲೆ, “ಹಳೇದನ್ನ ಕತ್ತರಿಸೋಕೆ ಮುಂಚೆ ಹೊಸದನ್ನ ಮುಟ್ಟಿ ನೋಡ್ಲಿಲ್ವಾ?” ಎಂದು ಕೇಳಿದರು.

ಪಕ್ಕದಲ್ಲೇ ಗೌಡರು ನಿಂತಿದ್ದರು. “ಇಲ್ಲಿಂದ ಸರಿಯಾಗಿ ಕೇಳಿಸ್ತಿಲ್ಲ,” ಎಂದು ಫೋನು ಇಟ್ಟೆ.

ಶುಕ್ರವಾರ ಕಟ್ಟು ಬಂತು. ಸುತ್ತಿದ್ದ ಚೀಲ ಬಿಚ್ಚಿದಾಗಲೇ ಬೆರಳಿಗೆ ಹಿಟ್ಟಿನಂಥ ಪುಡಿ ಹತ್ತಿತು. ಹುಳು ತಿಂದ ಪುಡಿ. ಆದರೂ ನೆನೆಹಾಕಿ ನೋಡಿದೆ. ಅರ್ಧ ಗಂಟೆ ನೆನೆದ ಒಳ್ಳೆಯ ಬೆತ್ತ ಹಸಿ ಹುರಿಯ ಹಾಗೆ ಬೆರಳಿಗೆ ಸುತ್ತಿಕೊಳ್ಳಬೇಕು. ಇದು ಸುತ್ತುವ ಮೊದಲೇ ಪಟಕ್ಕೆಂದು ಮುರಿಯುತ್ತಿತ್ತು. ಒಂದೊಂದೇ ಎಳೆ ಎಳೆದು ನೋಡುತ್ತ ಕೂತೆ. ಕಟ್ಟಿನಲ್ಲಿ ಮೊಳದುದ್ದ, ಎರಡು ಮೊಳದುದ್ದದ ಹನ್ನೆರಡು ಹದಿಮೂರು ತುಂಡುಗಳು ಮಾತ್ರ ಗಟ್ಟಿ ಇದ್ದವು. ಅವನ್ನು ಬೇರೆ ಇಟ್ಟು ಉಳಿದದ್ದನ್ನು ಒಲೆಗೆ ಕೊಟ್ಟೆ.

ಅಂದು ಮಧ್ಯಾಹ್ನ ಸೊಸೆ ದನಗಳಿಗೆ ಹುಲ್ಲು ತರಲು ಹೋಗಿದ್ದರು. ಗೌಡರು ಕಬ್ಬಿನ ಕಟಾವಿನ ವಿಷಯಕ್ಕೆ ಯಾರನ್ನೋ ನೋಡಲು ಹೋಗಿದ್ದರು. ನಾನು, ಅವ್ವ ಇಬ್ಬರೇ. ಅವ್ವ ಹಲಗೆಯ ಮೇಲೆ, ಎದುರಿಗೆ ಒಂದು ಮರದ ಪೆಟ್ಟಿಗೆ ಇಟ್ಟುಕೊಂಡು, ಅದರ ಮೇಲಿನ ದಿಂಬಿಗೆ ಹಣೆ ಕೊಟ್ಟು ಕೂತಿದ್ದರು. ಐದು ದಿನದಿಂದ ಅವರಿಗೆ ಅರ್ಧ ಗಂಟೆಗಿಂತ ಹೆಚ್ಚು ನಿದ್ರೆ ಒಟ್ಟಿಗೆ ಬಂದಿರಲಿಲ್ಲ.

“ಲೇ ಮಗ,” ಎಂದರು, ದಿಂಬಿನೊಳಗಿಂದಲೇ. “ಇನ್ನೆಷ್ಟ್ ದಿಸ ತಡ್ಕತಿತ್ತು ಅದು, ಅಳೇದು?”

ನಾನು ತೊಡೆಯ ಮೇಲೆ ಉದುರಿದ್ದ ಬೆತ್ತದ ಪುಡಿ ಕೊಡವಿದೆ.

“ನಿನ್ ಕೈ ನೋಡ್ತಿದ್ದೆ ನಾನು. ಸೋಮ್ವಾರ, ಅದ್ನ ತಕ್ಕಂಡು ಸವರ್ತಾ ಇದ್ದೆ. ಮಖ ಬೆಳ್ಳಗಾಗೋಯ್ತು ನಿಂದು.”

“ಒಂದೆರಡು ತಿಂಗಳು ತಡೆಯೋದು ಅವ್ವ,” ಎಂದೆ.

ಎರಡು ಮೂರು ಉಸಿರು ಎಳೆದುಕೊಂಡರು. “ನನ್ ಮಗುಂಗೆ ಏಳ್ಬ್ಯಾಡ. ಕೂಗಾಡ್ತನೆ. ಅವ್ನು ಕೂಗಾಡುದ್ರೆ ನಂಗೆ ಉಬ್ಸ ಜಾಸ್ತಿ ಆಯ್ತದೆ.”

ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವರು ಆ ಮಾತನ್ನು ಅಲ್ಲಿಗೇ ಬಿಟ್ಟು ಮತ್ತೆ ದಿಂಬಿಗೆ ಹಣೆ ಇಟ್ಟರು. ಅವರಿಗೆ ಎದ್ದು ಹೋಗಲು ಜಾಗವಿಲ್ಲ, ನನಗೂ ಇಲ್ಲ. ಆ ಉಸಿರಿನ ಸಿಳ್ಳೆಯನ್ನು ಕೇಳುತ್ತ, ಎಂಟು ಕೋಲುಗಳ ಕಟ್ಟನ್ನು ತೊಡೆಯ ಮೇಲೆ ಎಳೆದುಕೊಂಡೆ. ಐದು ದಿನದಿಂದ ಅದನ್ನು ಬೇಡದ ಮಾಲು ಎಂದು ಗೋಡೆಗೆ ಒರಗಿಸಿಟ್ಟಿದ್ದೆ. ಸಿಪ್ಪೆ ಹೆರೆಯದ ಕೋಲುಗಳು. ಮೇಲ್ಮೈ ನುಣ್ಣಗೆ, ಹೊಳಪಿದ್ದದ್ದು ಬೆರಳಿಗೆ ತಿಳಿಯುತ್ತಿತ್ತು. ನನಗೆ ಬೇಕಾದದ್ದು ಇದರ ಮೇಲೇ ಇತ್ತು. ತೆಗೆಯುವ ಕೈ ಮಾತ್ರ ಇರಲಿಲ್ಲ.

ಸೊಸೆ ಬಂದಾಗ ಆ ಕೋಲುಗಳನ್ನು ದನಗಳ ಕಲ್ಲು ತೊಟ್ಟಿಯಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಲು ಹೇಳಿದೆ. “ಇದನ್ನ ಸೀಳೋರು ಯಾರಾದರೂ ಗೊತ್ತಾ ಅಕ್ಕ? ಬಿದಿರು ಸೀಳೋರಾದರೂ ಸರಿ.”

ಅವರ ತವರು ಗೋವಿಂದನಹಳ್ಳಿಯ ಹತ್ತಿರ. “ನಮ್ಮಪ್ಪನ ಮನೆಗೆ ಮೊರ, ಕುಕ್ಕೆ ಎಲ್ಲ ಕೆ.ಆರ್. ಪೇಟೆ ಮೇದರಣ್ಣನೇ ಕೊಡೋದು ಕಣಣ್ಣ,” ಎಂದರು. “ವಯಸ್ಸಾಗೈತೆ, ಆದ್ರೆ ಬಿದ್ರು ಸೀಳಿದ್ರೆ ದಾರ ಇದ್ದಂಗಿರ್ತದೆ. ನಮ್ಮೋರು ಕರ್ಕೊಂಡೋದ್ರೆ ಆಗ್ತಿತ್ತು.”

ಗೌಡರು ಒಪ್ಪಲಿಲ್ಲ. ಶನಿವಾರ ಬೆಳಿಗ್ಗೆ ಅವರು ಹಲ್ಲುಜ್ಜುತ್ತ ನಿಂತಿದ್ದಾಗ ಕೇಳಿದೆ. ಬಾಯಿ ಮುಕ್ಕಳಿಸಿ ಉಗುಳಿ, “ಮೂವತ್ ಮೈಲಿ ತಾವ ಆಯ್ತದೆ. ಅಲ್ಲೀಗಂಟ ಓಗಿ, ಅಲ್ಲಿಂದ ನೀನು ಬಸ್ಸತ್ಕಂಡು ನಿಮ್ಮೂರಿಗೋದ್ರೆ? ಕೋಲು ಅವನ ತಾವ, ನೀನು ನಿನ್ ತಾವ, ನಮ್ಮವ್ವ ಅಲ್ಗೆ ಮೇಲೆ,” ಎಂದರು. “ನೀನಿಲ್ಲೇ ಇರು. ನಾನೊಬ್ನೇ ಓಗಿ ಸೀಳಿಸ್ಕಂಡ್ ಬತ್ತೀನಿ.”

ಅವರೊಬ್ಬರೇ ಹೋದರೆ ಆಗದು. ಅಗಲ ಎಷ್ಟಿರಬೇಕು, ದಪ್ಪ ಎಷ್ಟು, ತಿರುಳು ಎಲ್ಲಿಯವರೆಗೆ ತೆಗೆಯಬೇಕು ಎಂಬುದು ನನ್ನ ಬೆರಳಿಗೆ ಮಾತ್ರ ಗೊತ್ತು. ಅದನ್ನು ಹೇಳಿದರೂ ಅವರು ನಂಬುವಂತಿರಲಿಲ್ಲ. ಅವರ ಕಣ್ಣಿಗೆ ನಾನು ಆರು ದಿನದಿಂದ ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದ್ದವನು. ಅದು ಸುಳ್ಳೂ ಅಲ್ಲ. ಶುಕ್ರವಾರ ಮಧ್ಯಾಹ್ನದವರೆಗೂ ನಾನು ಅದನ್ನೇ ಹುಡುಕುತ್ತಿದ್ದೆ.

ಅವ್ವ ಬೇಡವೆಂದದ್ದನ್ನು ಆಗ ಹೇಳಿಬಿಟ್ಟೆ. ದನಿ ತಗ್ಗಿಸಿ, ಮನೆಯಿಂದ ಹತ್ತು ಹೆಜ್ಜೆ ಆಚೆಗೆ ಕರೆದುಕೊಂಡು ಹೋಗುವಂತೆ ಕೇಳಿ, ಅಲ್ಲಿ ನಿಂತು ಹೇಳಿದೆ. “ಆ ಕುರ್ಚಿ ಹಾಳಾಗಿರಲಿಲ್ಲ ಗೌಡ್ರೇ. ಇನ್ನೂ ಎರಡು ತಿಂಗಳು ಬರ್ತಿತ್ತು. ನೀವು ತಂದಿದ್ದ ಬೆತ್ತ ಮುಟ್ಟಿ ನೋಡದೆ ನಾನು ಕತ್ತರಿಸಿಬಿಟ್ಟೆ. ಅದಕ್ಕೇ ಅವ್ವ ಹಲಗೆ ಮೇಲಿರೋದು. ಅದನ್ನ ಸರಿ ಮಾಡದೆ ನಾನು ಹೋಗಲಾರೆ.”

ಬಾವಿಯ ಕಡೆಯಿಂದ ಪಂಪಿನ ಸದ್ದು ಬರುತ್ತಿತ್ತು. ಅವರು ಪಂಚೆ ಎತ್ತಿ ಕಟ್ಟಿದ್ದು ಕೇಳಿಸಿತು. ಹೊಡೆಯಬಹುದು ಎಂದುಕೊಂಡೆ.

“ನಮ್ಮವ್ವಂಗೆ ಗೊತ್ತಾ?”

“ಗೊತ್ತು. ನಿಮಗೆ ಹೇಳಬೇಡ ಅಂದರು.”

ಅವರ ಹೆಜ್ಜೆ ದನಗಳ ತೊಟ್ಟಿಯತ್ತ ಹೋಗಿ ನಿಂತಿತು. ಅಲ್ಲಿಂದಲೇ, “ಕೋಲು ಎಷ್ಟ್ ಒತ್ನಿಂದ ನೀರಲ್ಲವೆ?” ಎಂದು ಕೇಳಿದರು.

ಹತ್ತು ನಿಮಿಷದಲ್ಲಿ ನಾವು ಮೊಪೆಡ್ಡಿನ ಮೇಲಿದ್ದೆವು. ಒದ್ದೆ ಗೋಣಿಯಲ್ಲಿ ಸುತ್ತಿದ ಕೋಲುಗಳ ಕಟ್ಟನ್ನು ನಾನು ಹೆಗಲಿಗೆ ಹಾಕಿಕೊಂಡಿದ್ದೆ. ಅದರ ನೀರು ಬೆನ್ನ ಮೇಲೆ ಇಳಿಯುತ್ತಿತ್ತು. ಚಿನಕುರಳಿ ದಾಟುವವರೆಗೂ ಕಲ್ಲಿನ ಲಾರಿಗಳ ಧೂಳು. ಪ್ರತಿ ಲಾರಿ ಹೋದಾಗಲೂ ಗೌಡರು ನಿಲ್ಲಿಸಿ ಕೆಮ್ಮುತ್ತಿದ್ದರು.

ಮೇದರಣ್ಣ ತಮ್ಮ ಮನೆಯ ಮುಂದೆ, ಬೇವಿನ ಮರದ ಕೆಳಗೆ ಕೂತಿದ್ದರು. ಹಸಿ ಬಿದಿರಿನ ವಾಸನೆ ದೂರಕ್ಕೇ ಬಂತು. ಕೋಲು ಮುಟ್ಟಿ ನೋಡಿ, “ಇದು ಬೆತ್ತ ಗೌಡ್ರೇ,” ಎಂದರು. “ಬಿದ್ರು ಆದ್ರೆ ಒಳಗೆ ಟೊಳ್ಳು, ಕತ್ತಿ ತಾನಾಗೇ ಓಯ್ತದೆ. ಇದ್ರೊಳಗೆ ತಿರುಳು ತುಂಬ್ಕಂಡದೆ. ಇದ್ ಎಂಗೆ ಸೀಳ್ತದೋ ನಾ ಕಾಣೆ.”

“ಒಂದನ್ನ ನೋಡಿ ಅಣ್ಣ. ಹಾಳಾದ್ರೆ ಆಗಲಿ,” ಎಂದೆ.

ಮೊದಲನೆಯದು ಹಾಳಾಯಿತು. ಕತ್ತಿ ಒಂದು ಮೊಳ ನೇರ ಹೋಗಿ, ಪಕ್ಕಕ್ಕೆ ತಿರುಗಿ, ಸಿಪ್ಪೆ ಸೀಳಿಕೊಂಡು ಹೊರಗೆ ಬಂತು. ಎರಡನೆಯದೂ ಹಾಗೆಯೇ. ಮೂರನೆಯದರಲ್ಲಿ ಅವರು ನಿಧಾನಿಸಿದರು. ಸೀಳು ಒಂದು ಕಡೆಗೆ ಓಡಲು ಶುರುವಾದಾಗ, ದಪ್ಪವಾಗಿ ಉಳಿದ ಕಡೆಯನ್ನು ಹೆಚ್ಚು ಬಗ್ಗಿಸಿ ಎಳೆದರೆ ಸೀಳು ಮತ್ತೆ ನಡುವಿಗೆ ಬರುತ್ತದೆ. ಬಿದಿರಿನಲ್ಲಿ ಅವರು ಮಾಡುತ್ತಿದ್ದದ್ದೇ ಅದು, ಬೆತ್ತಕ್ಕೆ ಇನ್ನಷ್ಟು ಬಗ್ಗಿಸಬೇಕಿತ್ತು. ಕೋಲನ್ನು ಎರಡಾಗಿ, ನಾಲ್ಕಾಗಿ, ಆಮೇಲೆ ಆರೇಳು ಎಳೆಯಾಗಿ ಮಾಡಿದರು. ನಾನು ಪಕ್ಕದಲ್ಲಿ ಕೂತು ಪ್ರತಿ ಎಳೆಯನ್ನೂ ಹೆಬ್ಬೆರಳು, ತೋರುಬೆರಳ ನಡುವೆ ಹಾಯಿಸುತ್ತಿದ್ದೆ. ಒಂದು ಕಡೆ ದಪ್ಪ, ಒಂದು ಕಡೆ ತೆಳುವು, ಅಗಲವೂ ಒಂದೇ ಸಮ ಇರಲಿಲ್ಲ. ಇದು ತೂತಿನೊಳಗೆ ಹೋಗುವಂತಿರಲಿಲ್ಲ.

ತರಬೇತಿ ಶಾಲೆಯಲ್ಲಿ ಮುಟ್ಟಿದ್ದ ಉಪಕರಣವನ್ನು ಆಗ ವಿವರಿಸಿದೆ. ಒಂದು ಮರದ ತುಂಡು, ಅದರಲ್ಲಿ ಎರಡು ಅಲಗು ಅಕ್ಕಪಕ್ಕ ನೆಟ್ಟಗೆ ಹೂತಿರುತ್ತವೆ, ನಡುವಿನ ಸಂದಿಯಲ್ಲಿ ಎಳೆಯನ್ನು ಎಳೆದರೆ ಎರಡೂ ಅಂಚು ಹೆರೆದು ಒಂದೇ ಅಗಲ ಬರುತ್ತದೆ. ಮೇದರಣ್ಣ ಕೇಳಿಸಿಕೊಂಡು, ಒಳಗಿನಿಂದ ಒಂದು ಹಳೆಯ ಚಾಕು ತಂದು, ಅದನ್ನು ಕಲ್ಲಿನ ಮೇಲೆ ಎರಡು ತುಂಡು ಮಾಡಿದರು. ಮರದ ತುಂಡಿಗೆ ಹೊಡೆದು ಕೂರಿಸುವ ಮೊದಲು, “ಸಂದಿ ಎಷ್ಟಿರ್ಬೇಕು?” ಎಂದರು. ಜೇಬಿನಲ್ಲಿ ಇಟ್ಟುಕೊಂಡಿದ್ದ ಹಳೆಯ ಹೆಣಿಗೆಯ ಒಂದು ಎಳೆಯನ್ನು ಕೊಟ್ಟೆ. ಅದನ್ನೇ ಎರಡು ಅಲಗಿನ ನಡುವೆ ಇಟ್ಟು ಹೊಡೆದರು. ತಿರುಳು ಹೆರೆಯಲು ಇನ್ನೊಂದು ಕತ್ತಿಯನ್ನು ಕಾಲಿನ ಹೆಬ್ಬೆರಳಲ್ಲಿ ಅದುಮಿ ಹಿಡಿದರು.

ಬಿಸಿಲು ಏರಿ ಇಳಿಯುವವರೆಗೂ ಅವರು ಎಳೆದರು, ನಾನು ಮುಟ್ಟಿದೆ. ನಡುವೆ ಎಲ್ಲೋ ಗೌಡರು ಬಂದು ಎಳೆಯ ಇನ್ನೊಂದು ತುದಿ ಹಿಡಿದುಕೊಂಡು ಕೂತರು. ಮತ್ತೊಂದು ಕೋಲು ಗೆಣ್ಣಿನಲ್ಲಿ ಮುರಿಯಿತು. ಉಳಿದ ಐದು ಕೋಲಿನಿಂದ ಮೂವತ್ತು ಎಳೆ ಬಂದವು. ನನ್ನ ಅಂದಾಜಿಗೆ ಕುರ್ಚಿಗೆ ಅದು ಸಾಲುವುದಿಲ್ಲ, ಸಾಲದೆ ಬರುವುದು ಬಹಳ ಸ್ವಲ್ಪ. ಇನ್ನಷ್ಟು ಕೋಲು ಮೈಸೂರಿನಿಂದ ತರಬೇಕು, ಒಂದು ದಿನ ನೆನೆಯಬೇಕು, ಮತ್ತೆ ಇಲ್ಲಿಗೆ ಬರಬೇಕು. ಅವ್ವನಿಗೆ ಹಲಗೆಯ ಮೇಲೆ ಇನ್ನೂ ಮೂರು ದಿನ. ಇದ್ದದ್ದರಲ್ಲೇ ಮುಗಿಸುತ್ತೇನೆಂದು ಎದ್ದೆ.

ಅಳತೆಯ ಮರದ ತುಂಡನ್ನು ಮೇದರಣ್ಣ ನನ್ನ ಕೈಗಿಟ್ಟರು. “ನೀನೇ ಮಡಿಕ್ಕೊ,” ಎಂದರು. “ನಂಗೆ ಇನ್ನೊಂದ್ಸಲ ಬೆತ್ತ ತರ್ಬ್ಯಾಡ ಆಟೆಯ.”

ಹೊರಡುವ ಮುಂಚೆ ಬಿದಿರಿನ ಚೂರುಗಳನ್ನು ಕೇಳಿ ಪಡೆದು, ಬೆರಳುದ್ದದ ಸಣ್ಣ ಗೂಟಗಳನ್ನು ಕೆತ್ತಿಸಿಕೊಂಡೆ. ಎಳೆ ತೂತಿನಿಂದ ಜಾರದಂತೆ ಅದುಮಲು ಅವು ಬೇಕು.

ಭಾನುವಾರ ಬೆಳಕು ಹರಿಯುವ ಮುನ್ನವೇ ಶುರು ಮಾಡಿದೆ. ಬೆತ್ತಕ್ಕೆ ಒಂದು ದಿಕ್ಕಿದೆ. ಒಂದು ಕಡೆಯಿಂದ ಉಗುರು ಓಡಿಸಿದರೆ ನುಣ್ಣಗೆ ಹೋಗುತ್ತದೆ, ಇನ್ನೊಂದು ಕಡೆಯಿಂದ ಗೆಣ್ಣು ತಡೆಯುತ್ತದೆ. ತಡೆಯದ ಕಡೆಗೆ ಎಳೆಯಬೇಕು, ಹೊಳಪು ಮೇಲಿರಬೇಕು. ನಡುವಿನ ತೂತಿನಿಂದ ಹಿಡಿದು ಮೊದಲು ಉದ್ದದ ಎಳೆಗಳು, ಅವುಗಳ ಮೇಲೆ ಅಡ್ಡ ಎಳೆಗಳು, ಮತ್ತೆ ಉದ್ದಕ್ಕೆ ಒಂದು ಸಾಲು. ನಾಲ್ಕನೆಯ ಸಾಲಿನಲ್ಲಿ ನಿಜವಾದ ಹೆಣಿಗೆ: ಒಂದರ ಮೇಲೆ, ಒಂದರ ಕೆಳಗೆ. ಅದಕ್ಕೆ ಛತ್ರಿಯ ಕಡ್ಡಿಯಿಂದ ಮಾಡಿಕೊಂಡ ಸೂಜಿ. ಆಮೇಲೆ ಎರಡು ಓರೆ ಸಾಲು. ಅವು ಬಿದ್ದಾಗ ಎಳೆಗಳ ನಡುವಿನ ತೂತುಗಳು ಎಂಟು ಮೂಲೆಯವಾಗಿ, ಇಡೀ ಹೆಣಿಗೆ ಬಿಗಿಯುತ್ತದೆ.

ಅವ್ವ ಪೂರ್ತಿ ಹೊತ್ತು ಎದುರಿಗೇ ಇದ್ದರು. ಹಲಗೆ ಈಗ ಎರಡು ಪೆಟ್ಟಿಗೆಗಳ ಮೇಲಿತ್ತು. “ಮೂಲೇಲಿ ಒಂದು ತೂತು ಬುಟ್ಬುಟ್ಟೆ ನೋಡು,” ಎಂದರು ಒಮ್ಮೆ.

“ಅದು ಬೇಕಂತಲೇ ಬಿಟ್ಟದ್ದು ಅವ್ವ. ಓರೆ ಎಳೆಗೆ ಬೇಕು.”

“ಅಂಗಾದ್ರೆ ಸರಿ.” ಸ್ವಲ್ಪ ಹೊತ್ತಾದ ಮೇಲೆ, “ಏಳ್ಬುಟ್ಯಂತೆ ನನ್ ಮಗುಂಗೆ.”

“ಹೇಳಿಬಿಟ್ಟೆ.”

“ಕೂಗಾಡ್ನಾ?”

“ಇಲ್ಲ ಅವ್ವ.”

“ಕೂಗಾಡ್ನಿಲ್ವಾ,” ಎಂದು ಇನ್ನೊಮ್ಮೆ ತಮಗೆ ತಾವೇ ಹೇಳಿಕೊಂಡರು. ಅವರಿಗೆ ಅದು ಆಶ್ಚರ್ಯದ ಸಂಗತಿ ಎಂದು ದನಿಯಿಂದ ತಿಳಿಯಿತು.

ಎರಡನೆಯ ಓರೆ ಸಾಲಿಗೆ ಬರುವಾಗ ಎಳೆಗಳು ಮುಗಿದವು. ಎರಡು ಪಕ್ಕದ ಅಂಚಿನಲ್ಲಿ ಸಣ್ಣ ಓರೆಗಳು ಬಾಕಿ ಉಳಿದವು. ನಾಗಮಂಗಲದ ಕಟ್ಟಿನಲ್ಲಿ ಬೇರೆ ಇಟ್ಟಿದ್ದ ತುಂಡುಗಳನ್ನು ನೆನೆಸಿ ಅಲ್ಲಿಗೆ ಹಾಕಿದೆ. ಎರಡು ಮುರಿದವು, ಉಳಿದವು ಹಿಡಿದವು. ಸುತ್ತಲಿನ ತೂತು ಮುಚ್ಚುವ ಪಟ್ಟಿಗೆ ಮೇದರಣ್ಣ ಅಗಲವಾಗಿ ಉಳಿಸಿಕೊಟ್ಟಿದ್ದ ಎಳೆಯಿತ್ತು. ಕತ್ತಲಾಗುವ ಹೊತ್ತಿಗೆ ಕೊನೆಯ ಗೂಟ ಹೊಡೆದೆ. ಅಂಗೈಯಿಂದ ಇಡೀ ಹೆಣಿಗೆಯನ್ನು ಸವರಿದೆ. ಎಳೆಗಳು ಅಲ್ಲಲ್ಲಿ ಉಬ್ಬುತಗ್ಗು. ತರಬೇತಿ ಶಾಲೆಯಲ್ಲಾಗಿದ್ದರೆ ಬಿಚ್ಚಿ ಮತ್ತೆ ಹಾಕು ಎನ್ನುತ್ತಿದ್ದರು. ಆದರೆ ಬಡಿದರೆ ತಮಟೆಯ ಹಾಗೆ ನಾದ ಬರುತ್ತಿತ್ತು.

ಹಸಿ ಬೆತ್ತದ ಮೇಲೆ ಕೂತರೆ ಜೋತುಬಿಡುತ್ತದೆ, ಒಂದು ರಾತ್ರಿ ಆರಬೇಕು ಎಂದೆ. ಅವ್ವ ಇನ್ನೊಂದು ರಾತ್ರಿಯನ್ನು ಹಲಗೆಯ ಮೇಲೆ ಕಳೆದರು.

ಸೋಮವಾರ ಬೆಳಿಗ್ಗೆ ಅವರನ್ನು ಎರಡು ಕಡೆ ಹಿಡಿದು ಕುರ್ಚಿಗೆ ಕೂರಿಸಿದರು. ಬೆತ್ತ ಕಿರುಗುಟ್ಟಿತು. ಉಸಿರು ಹಿಡಿದು ಕೇಳಿದೆ. ಎಳೆ ಮುರಿಯುವ ಸದ್ದು ಬೇರೆ, ಭಾರ ಹೊರುವ ಸದ್ದು ಬೇರೆ. ಇದು ಎರಡನೆಯದು. ಅವ್ವ ಒಂದು ಕಡೆಗೆ ಒರಗಿದರು, ಇನ್ನೊಂದು ಕಡೆಗೆ ಒರಗಿದರು, ಬೆನ್ನನ್ನು ಹಿಂದಕ್ಕೆ ಕೊಟ್ಟರು. ನಾನು ಏನಾದರೂ ಹೇಳುತ್ತಾರೆಂದು ಕಾಯುತ್ತಿದ್ದೆ. ಸಿಳ್ಳೆ ಇತ್ತು, ಆದರೆ ಒಂದು ಉಸಿರಿಗೂ ಮುಂದಿನ ಉಸಿರಿಗೂ ನಡುವಿನ ಬಿಡುವು ಉದ್ದವಾಗುತ್ತ ಹೋಯಿತು. ಸೊಸೆ ನನ್ನ ಕಿವಿಯ ಹತ್ತಿರ ಬಂದು, “ನಿದ್ದೆ ಓಗವ್ರೆ ಕಣಣ್ಣ,” ಎಂದರು.

ಅವ್ವನನ್ನು ಕೂರಿಸಲು ಸೊಸೆ ನಿಲ್ಲಿಸಿ ಬಂದಿದ್ದ ಒರಳಿನ ಸದ್ದು ಮತ್ತೆ ಶುರುವಾಗಲಿಲ್ಲ. ನಾಯಿಗಳನ್ನು ಹಿತ್ತಲಿಗೆ ಕಟ್ಟಿದರು. ನಾನು ಚೀಲ ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಒಂದು ಗಂಟೆ ಕೂತೆ. ಹೊರಡೋಣವೆಂದು ಹೇಳಲೂ ಬಾಯಿ ಬಿಡಬೇಕಲ್ಲ ಎಂದು ಸುಮ್ಮನಿದ್ದೆ. ಕಡೆಗೆ ಗೌಡರೇ ಬಂದು ನನ್ನ ಕೈ ಹಿಡಿದು ಎಬ್ಬಿಸಿ, ಮೊಪೆಡ್ಡಿನ ಹಿಂದಿನ ಕಬ್ಬಿಣ ಹಿಡಿಸಿದರು. ಸ್ಟಾರ್ಟ್ ಮಾಡದೆ ತಳ್ಳಿಕೊಂಡು ಹೊರಟರು. ಹಿಡಿದುಕೊಂಡು ನಾನು ಹಿಂದೆ ನಡೆದೆ. ಕಬ್ಬಿನ ಗರಿಗಳು ತೋಳಿಗೆ ತಗಲುತ್ತಿದ್ದವು. ಒಂದು ತಿರುವು ದಾಟಿದೆವು, ಎರಡು ದಾಟಿದೆವು.

“ಇಲ್ಲಿಂದ ಕೇಳಿಸೋದಿಲ್ಲ ಗೌಡ್ರೇ, ಸ್ಟಾರ್ಟ್ ಮಾಡಬಹುದು,” ಎಂದೆ.

ಅವರು ಏದುಸಿರು ಬಿಡುತ್ತಿದ್ದರು. ನಿಂತು, ಮನೆಯ ಕಡೆಗೆ ತಿರುಗಿದ್ದಿರಬೇಕು, ದನಿ ಪಕ್ಕದಿಂದ ಬಂತು.

“ಇನ್ನೊಸಿ ಮುಂದಕ್ಕೋಗಾನ,” ಎಂದರು.

ನಾಲೆಯ ಸೇತುವೆಯವರೆಗೂ ನಾವು ತಳ್ಳಿಕೊಂಡೇ ಹೋದೆವು.